ತುರ್ತು ಡ್ರಮ್ಮು

ನಮ್ಮ ಅಟ್ಟದ ಮೇಲೆ ಒಂದು ನೀಲಿ ಡ್ರಮ್ಮಿದೆ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಬಾಯಿಗೆ ಕರಿ ಮುಚ್ಚಳ, ಮುಚ್ಚಳಕ್ಕೊಂದು ಕಬ್ಬಿಣದ ಪಟ್ಟಿ, ಎಷ್ಟು ತೊಳೆದರೂ ಬಿಡದ ಬಂಗಡೆಯ ವಾಸನೆ. ಅದರ ಹೊಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ನಾನೇ ಬರೆದಿದ್ದೇನೆ: ‘ತುರ್ತು. ಮುಟ್ಟಬಾರದು.’ ಬರೆದದ್ದೇ ತಪ್ಪಾಯಿತು. ಮುಟ್ಟಬಾರದು ಎಂದು ಬರೆದದ್ದರ ಕಡೆಗೆ ನಮ್ಮ ಮನೆಯವರ ಕೈ ಹೋಗುವಷ್ಟು ಚುರುಕಾಗಿ ಬಿಸಿ ಚಕ್ಕುಲಿಯ ಕಡೆಗೂ ಹೋಗುವುದಿಲ್ಲ.

ಬೈತಖೋಲ ಎನ್ನುವುದು ಅರಬ್ಬಿ ಮೂಲದ ಹೆಸರಂತೆ, ‘ಸುರಕ್ಷಿತ ಕೊಲ್ಲಿ’ ಎಂದು ಅದರ ಅರ್ಥವಂತೆ. ಅರಬರು ಅದನ್ನು ಹಡಗುಗಳನ್ನು ನೋಡಿ ಹೇಳಿರಬೇಕು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಗೋವಾ, ಕೇರಳ, ತಮಿಳುನಾಡಿನ ಬೋಟುಗಳೆಲ್ಲ ಓಡಿಬಂದು ಇಲ್ಲೇ ಲಂಗರು ಹಾಕಿದ್ದವು. ಗುಡ್ಡದ ಮರೆಯಲ್ಲಿ ಅವು ಹಾಯಾಗಿದ್ದವು. ಅದೇ ಗುಡ್ಡದ ಬುಡದಲ್ಲಿ ಹಂಚಿನ ಮನೆ ಕಟ್ಟಿಕೊಂಡಿರುವ ನಮ್ಮಂಥವರ ಸುರಕ್ಷತೆಯ ವಿಚಾರ ಅರಬರ ತಲೆಗೆ ಹೊಳೆದಂತಿಲ್ಲ.

ಡ್ರಮ್ಮು ಬಂದದ್ದು 2024ರಲ್ಲಿ. ಆ ಮಳೆಗಾಲವನ್ನು ಈ ಕಡೆಯವರು ಮರೆಯುವುದು ಕಷ್ಟ. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನೂ ಚಹಾ ಅಂಗಡಿಯನ್ನೂ ಮನುಷ್ಯರನ್ನೂ ಗಂಗಾವಳಿ ನದಿಗೆ ತಳ್ಳಿತು. ಆ ಸುದ್ದಿಯ ಮೇಲೆ ನಗೆಬರಹ ಬರೆಯುವ ಕೈ ನನಗಿಲ್ಲ. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಅದರೊಂದಿಗೆ ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಪುಣ್ಯಕ್ಕೆ ಜೀವಸಹಿತ ಮೇಲೆತ್ತಿದರು. ಪಕ್ಕದ ಹೊಸ ಸೇತುವೆ ನಿಂತೇ ಇತ್ತು, ನಿಜ. ಆದರೆ ಬೆಳಗಿನ ಚಹಾ ಹೊತ್ತಿಗೆ ನನ್ನ ಮನಸ್ಸಿನಲ್ಲಿ ನಕಾಶೆಯೊಂದು ತಯಾರಾಗಿತ್ತು: ದಕ್ಷಿಣಕ್ಕೆ ಶಿರೂರು, ಉತ್ತರಕ್ಕೆ ಕಾಳಿ, ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವೆ ನಾನು, ಹೆಂಡತಿ ಮತ್ತು ಎಂಬತ್ತನಾಲ್ಕರ ಆಯಿ. ಮನೆಯಲ್ಲಿ ಎಷ್ಟು ದಿನದ ಅಕ್ಕಿ ಇದೆ ಎಂದು ಕೇಳಿದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದು ನಾನು ಕೇಳಿದ ಮೊದಲ ಅಡುಗೆಮನೆ ಪ್ರಶ್ನೆಯಾದ್ದರಿಂದ ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಆ ದಿನವೇ ಯಾದಿ ಬರೆದೆ. ಕಚೇರಿಯಲ್ಲಿ ಮೂವತ್ತು ವರ್ಷ ಯಾದಿ ಬರೆದು ಪಳಗಿದ ಕೈ. ಟಾರ್ಚು, ಸೆಲ್ಲು, ಮೇಣದ ಬತ್ತಿ, ಕಡ್ಡಿಪೆಟ್ಟಿಗೆ, ಎರಡು ಕಿಲೋ ಅವಲಕ್ಕಿ, ಬೆಲ್ಲ, ಬಿಸ್ಕೀಟು, ಓಆರ್‌ಎಸ್ ಪುಡಿ, ಆಯಿಯ ಬಿಪಿ ಗುಳಿಗೆ, ಕಾಗದಪತ್ರಗಳ ಝೆರಾಕ್ಸು, ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ಒಂದು ಸೀಟಿ. ಜೊತೆಗೆ ದೂರವಾಣಿ ಸಂಖ್ಯೆಗಳು: ಎಲ್ಲದಕ್ಕೂ 112, ಜಿಲ್ಲೆಯ ವಿಪತ್ತು ಸಹಾಯಕ್ಕೆ 1077, ಗ್ಯಾಸ್ ಸೋರಿದರೆ 1906. ಎಲ್ಲವನ್ನೂ ಡ್ರಮ್ಮಿಗೆ ತುಂಬಿ, ಪಟ್ಟಿ ಬಿಗಿದು, ಅಟ್ಟಕ್ಕೇರಿಸಿ ಕೆಳಗಿಳಿದಾಗ ಬೆನ್ನು ಹಿಡಿದುಕೊಂಡಿತು. ನೋವಿನ ಮುಲಾಮು ಯಾದಿಯಲ್ಲಿ ಇರಲಿಲ್ಲ.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ಅದೇ ತೊಂದರೆ. ಬಿರುಗಾಳಿ ಬಂದಿದ್ದರೆ ಡ್ರಮ್ಮಿನ ಸಾಮಾನಿಗೆ ಮರ್ಯಾದೆ ಉಳಿಯುತ್ತಿತ್ತು. ಬಂದದ್ದು ಬರೀ ನೆಂಟರು. ಗಣೇಶ ಚೌತಿಗೆ ಬೆಲ್ಲ ಕಡಿಮೆ ಬಿತ್ತು, ಡ್ರಮ್ಮಿನದು ಇಳಿಯಿತು. ದೀಪಾವಳಿಯ ಬಲಿಪಾಡ್ಯದ ಬೆಳಿಗ್ಗೆ ಅವಲಕ್ಕಿ ಇಳಿಯಿತು. ಟಿವಿ ರಿಮೋಟು ಸತ್ತಾಗ ಸೆಲ್ಲು ಇಳಿಯಿತು. ಹಗ್ಗ ಒಂದು ದಿನ ಅಂಗಳದಲ್ಲಿ ಕಾಣಿಸಿತು, ಅದರ ಮೇಲೆ ನನ್ನದೇ ಬನಿಯನ್ನು ಒಣಗುತ್ತಿತ್ತು. ಕೇಳಿದರೆ, ‘ನಾಳೆ ತಂದಿಡುವಾ ಮಾರಾಯ್ರೇ, ನಾಳೆಯೇ ಪ್ರಳಯ ಆಗೂದಾ?’ ಎಂಬ ಉತ್ತರ. ಆ ನಾಳೆ ಇನ್ನೂ ಬಂದಿಲ್ಲ. ನಮ್ಮ ಮನೆಯಲ್ಲಿ ಆಪತ್ಕಾಲದ ದಾಸ್ತಾನಿಗೆ ಇಲಿಯಿಂದ ಆದ ನಷ್ಟಕ್ಕಿಂತ ಒಳ್ಳೆಯ ದಿನಗಳಿಂದ ಆದ ನಷ್ಟವೇ ಹೆಚ್ಚು.

ದಾಸ್ತಾನು ಕೈಕೊಟ್ಟಿತು, ಸರಿ, ವಿದ್ಯೆಯನ್ನಾದರೂ ಯಾರೂ ಅಟ್ಟದಿಂದ ಇಳಿಸಿ ತಿನ್ನಲಾರರಲ್ಲ ಎಂದು ಸ್ವಾವಲಂಬನೆಯ ಕಡೆಗೆ ಹೊರಳಿದೆ. ಇದಕ್ಕೆ ಹೆಂಡತಿಯ ತವರೂ ಒಂದು ಕಾರಣ. ಅವಳು ಅಂಕೋಲೆಯವಳು. ಅಂಕೋಲೆಯವರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದು ಸಿಕ್ಕಿದ ದಿನದಿಂದ ಅವರ ಮಾತು ಕೆಳಗೆ ಬಿದ್ದಿಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿಯ ಜನ ಕಡಲ ನೀರಿನಿಂದ ಉಪ್ಪು ಮಾಡಿ ಬ್ರಿಟಿಷರ ಕಾಯಿದೆ ಮುರಿದರು. ಈ ಸಂಗತಿ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಪ್ರಸ್ತಾಪಕ್ಕೆ ಬರುತ್ತದೆ. ‘ನಾವು ಉಪ್ಪು ಮಾಡಿದವರು, ನೀವು ತಿಂದವರು’ ಎಂದುಬಿಡುತ್ತಾಳೆ. ಅದಕ್ಕೆ ಎದುರು ಮಾತಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ, ನಾನೂ ಮಾಡಿ ತೋರಿಸುತ್ತೇನೆ ಎಂದು ಹೊರಟೆ.

ಬಂದರಿನ ನೀರಿಗೆ ಡೀಸೆಲ್ ವಾಸನೆ. ಅದಕ್ಕೆ ಸ್ಕೂಟರಿನಲ್ಲಿ ಟ್ಯಾಗೋರ್ ಕಡಲತೀರದವರೆಗೆ ಹೋಗಿ, ಮೊಣಕಾಲಿನವರೆಗೆ ನೀರಿಗಿಳಿದು, ಹತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಬಂದೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹತ್ತು ಲೀಟರಿಗೆ 350 ಗ್ರಾಂ, ಮೂವರ ಮನೆಗೆ ಒಂದೆರಡು ವಾರ ಸಾಕು. ಲೆಕ್ಕ ಅಪ್ಪಟ. ಬಟ್ಟೆಯಲ್ಲಿ ಸೋಸಿ, ಹೋಳಿಗೆ ಹೂರಣ ಬೇಯಿಸುವ ದೊಡ್ಡ ಪಾತ್ರೆಗೆ ಸುರಿದು, ಗ್ಯಾಸ್ ಒಲೆಯ ಮೇಲಿಟ್ಟು ಕುರ್ಚಿ ಹಾಕಿಕೊಂಡು ಕೂತೆ.

ಹತ್ತು ಲೀಟರ್ ನೀರು ಎಷ್ಟು ಹೊತ್ತು ಕುದಿಯಬಲ್ಲದು ಎಂಬುದು ಕುದಿಸಿದವನಿಗೇ ಗೊತ್ತು. ಹತ್ತು ಗಂಟೆಗೆ ಅಡುಗೆಮನೆಯ ಗೋಡೆ ಬೆವರಿತು. ಹನ್ನೊಂದಕ್ಕೆ ಕನ್ನಡಕ ಮಂಜಾಯಿತು. ಹನ್ನೆರಡಕ್ಕೆ ಹೆಂಡತಿ ಬಂದು ಅನ್ನಕ್ಕೆ ಒಲೆ ಯಾವಾಗ ಬಿಡುತ್ತೀರಿ ಎಂದಳು. ಒಂದು ಗಂಟೆಗೆ ಪಾತ್ರೆಯ ತಳದಲ್ಲಿ ಬಿಳಿ ಕೆನೆಯಂಥದು ಕಟ್ಟತೊಡಗಿ, ನನಗೆ ದಂಡಿ ಯಾತ್ರೆಯ ಕೊನೆಯ ದಿನದ ರೋಮಾಂಚನವಾಗುತ್ತಿರುವಾಗ ನೀಲಿ ಉರಿ ಹಳದಿಯಾಗಿ, ಒಮ್ಮೆ ಪುಕ್ಕೆಂದು, ಆರಿತು. ಸಿಲಿಂಡರ್ ಖಾಲಿ. ಉಳಿದ ನೀರನ್ನು ಬಿಸಿಲಿಗಿಟ್ಟೆ. ಸಂಜೆಗೆ ಬೂದು ಬಣ್ಣದ ಒಂದು ಬೊಗಸೆ ಪುಡಿ ಸಿಕ್ಕಿತು. ಆಯಿ ನಾಲಿಗೆ ತುದಿಗೆ ಮುಟ್ಟಿಸಿಕೊಂಡು, ‘ಕಹಿ’ ಎಂದಳು.

ಕಹಿಯಾಗುವುದು ಸಹಜ. ಕಡಲ ನೀರಿನಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಮ್ಮಿನ ಲವಣಗಳೂ ಇರುತ್ತವೆ. ಉಪ್ಪು ಮೊದಲು ಹರಳುಗಟ್ಟುತ್ತದೆ, ಕಹಿ ನೀರಿನಲ್ಲೇ ಉಳಿಯುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಉಪ್ಪು ಕೂಡಿದ ಮೇಲೆ ಆ ಕೊನೆಯ ನೀರನ್ನು ಒಣಗಲು ಬಿಡದೆ ಬೇರೆ ಮಾಡುತ್ತಾರೆ. ನಾನು ಲೋಭಕ್ಕೆ ಬಿದ್ದು ಕೊನೆಯ ಹನಿಯವರೆಗೂ ಬತ್ತಿಸಿದ್ದೆ. ಹೆಂಡತಿ ಬೆರಳು ಮಡಿಚಿ ಲೆಕ್ಕ ಹಾಕಿದಳು: ಹತ್ತು ರೂಪಾಯಿ ಬಾಳದ ಉಪ್ಪಿಗೆ ಎಪ್ಪತ್ತು ರೂಪಾಯಿಯ ಗ್ಯಾಸು, ಪೆಟ್ರೋಲು ಬೇರೆ, ಪಾತ್ರೆ ತಿಕ್ಕಿದ ಕೂಲಿ ಬೇರೆ. ‘ಹಿಂಗೆ ಮಾಡಿದ್ರೆ ಬ್ರಿಟಿಷರು ಇನ್ನೂ ಇಲ್ಲೇ ಇರ್ತಿದ್ರು.’

2025ರ ಮೇ ತಿಂಗಳಿನಲ್ಲಿ ದೇಶದಲ್ಲೆಲ್ಲ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಯ ಸುದ್ದಿ ಎದ್ದಾಗ ಕೇಂದ್ರದವರ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರುಗಳ ಜೊತೆ ಕಾರವಾರವೂ ಇತ್ತು. ಇರದೆ ಏನು? ಒಂದು ಕಡೆ ಅರಗಾದಲ್ಲಿ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುವಿದ್ಯುತ್ ಸ್ಥಾವರ. ನನಗೆ ಉತ್ಸಾಹ ಬಂತು. ರಜೆಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನನ್ನು ಉಪನಾಯಕನನ್ನಾಗಿ ಮಾಡಿ, ಬೆಳಗಿನ ಆರಕ್ಕೆ ಸೀಟಿ ಊದಿಸಿದೆ. ನಿಯಮ ಹಿಂದಿನ ದಿನವೇ ಹೇಳಿದ್ದೆ: ಸೀಟಿ ಕೇಳಿದ ಮೂರು ನಿಮಿಷದಲ್ಲಿ ಗ್ಯಾಸು ಬಂದ್, ಮೇನ್ ಸ್ವಿಚ್ಚು ಬಂದ್, ತೀರಾ ಬೇಕಾದದ್ದನ್ನಷ್ಟೇ ಹಿಡಿದು ಅಂಗಳಕ್ಕೆ.

ಆಯಿ ಎಲ್ಲರಿಗಿಂತ ಮೊದಲು ಬಂದಳು. ಕೈಯಲ್ಲಿ ಎಲೆಅಡಿಕೆ ಪೆಟ್ಟಿಗೆ ಮತ್ತು ರೇಶನ್ ಕಾರ್ಡು. ಹೆಂಡತಿ ಚಹಾ ಉಕ್ಕುವುದನ್ನು ಕಾದು, ಸೋಸಿ, ಗ್ಯಾಸು ಬಂದ್ ಮಾಡಿ, ನಾಲ್ಕು ಲೋಟ ತಟ್ಟೆಯಲ್ಲಿಟ್ಟುಕೊಂಡು ಏಳನೆಯ ನಿಮಿಷಕ್ಕೆ ಬಂದಳು. ನಾಯಕನಾದ ನಾನು ಒಳಗೇ ಇದ್ದೆ. ಯಾದಿ ಓದಲು ಕನ್ನಡಕ ಬೇಕಿತ್ತು, ಕನ್ನಡಕ ಹುಡುಕಲು ಬೆಳಕು ಬೇಕಿತ್ತು, ಬೆಳಕಿನ ಮೇನ್ ಸ್ವಿಚ್ಚನ್ನು ನಾನೇ ಬಂದ್ ಮಾಡಿದ್ದೆ. ಹದಿನಾಲ್ಕು ನಿಮಿಷದ ಮೇಲೆ ಹೊರಬಂದಾಗ ಮೊಮ್ಮಗ ವಹಿಯಲ್ಲಿ ಬರೆದುಕೊಂಡಿದ್ದ: ‘ಅಜ್ಜ — ಸತ್ತರು.’ ಚಹಾ ಆರಿತ್ತು.

ಜೂನ್ ಹಿಡಿಯಿತು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಂದೇ ಸಮನೆ ನಡೆದು ಜಗತ್ತಿನ ದಾಖಲೆ ಮಾಡಿತ್ತು. ಅದರ ಹತ್ತಿರವೇ ಕದ್ರಾದಲ್ಲಿ ಕಾಳಿಯ ನೀರಿನಿಂದ ವಿದ್ಯುತ್ತು ಬೇರೆ. ಇಷ್ಟಿದ್ದರೂ ತೆಂಗಿನ ಮರದ ಒಂದು ಒಣಗಿದ ಹೆಡೆ ತಂತಿಯ ಮೇಲೆ ಬಿದ್ದರೆ ನಮ್ಮ ಓಣಿಗೆ ಕತ್ತಲೆ. ಅಂಥ ಒಂದು ದಿನ ಪಂಪು ನಿಂತು, ಮೇಲಿನ ಟಾಕಿ ಖಾಲಿಯಾಗಿ, ಬಾವಿಯ ನೆನಪಾಯಿತು. ಬಾವಿ ತುಂಬಿ ತುಳುಕುತ್ತಿತ್ತು. ರಾಟೆ ಇತ್ತು. ಆಯಿಯ ತಾಮ್ರದ ಕೊಡ ಇತ್ತು. ಹಗ್ಗದ ಮೇಲಿನ ಬಟ್ಟೆ ತೆಗೆದು ಕೊಡದ ಕಂಠಕ್ಕೆ ಬಿಗಿದೆ, ನಾಲ್ಕು ಗಂಟು, ಒಂದರ ಮೇಲೊಂದು. ಎರಡು ಮೊಳ ಮೇಲೆ ಬಂದ ಕೊಡ ಬಗ್ಗಿ, ಹಗ್ಗದಿಂದ ನಯವಾಗಿ ಜಾರಿಕೊಂಡು, ಗುಳುಗುಳು ಎನ್ನುತ್ತ ತಳ ಸೇರಿತು. ನಾಲ್ಕು ಗಂಟುಗಳೂ ಹಗ್ಗದ ತುದಿಯಲ್ಲಿ ಭದ್ರವಾಗಿದ್ದವು.

ಪಾತಾಳಗರಡಿ ಇರುವುದು ಪಕ್ಕದ ತಾಂಡೇಲ ಮಾಮಾನ ಮನೆಯಲ್ಲಿ. ನಲವತ್ತು ವರ್ಷ ಬೋಟು ನಡೆಸಿದವನು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನದ ನಿಷೇಧ, ಅದಕ್ಕೇ ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ. ಕಬ್ಬಿಣದ ಕೊಕ್ಕೆಗಳ ಗೊಂಚಲನ್ನು ಹಿಡಿದು ಬಂದವನು ಮೊದಲು ಬಾವಿಗೆ ಇಣುಕಲಿಲ್ಲ, ನನ್ನ ಗಂಟುಗಳನ್ನು ನೋಡಿದ. ಹೊಲಸು ನೋಡಿದಂತೆ ನೋಡಿದ.

‘ಯಾರು ಹಾಕಿದ್ದು ಇದು?’

‘ನಾನೇ, ಮಾಮಾ.’

‘ಶಾಲೆ ಕಲ್ತವನಲ್ವಾ ನೀನು?’

ಕೊಡ ಮೂರನೆಯ ಸಲಕ್ಕೆ ಕೊಕ್ಕೆಗೆ ಸಿಕ್ಕಿತು. ಅದನ್ನು ಬಾವಿಕಟ್ಟೆಯ ಮೇಲಿಟ್ಟು ಮಾಮಾ ಹಗ್ಗ ನನ್ನ ಕೈಗೆ ಕೊಟ್ಟ. ಉದ್ದ ಹಗ್ಗದಲ್ಲಿ ಒಂದು ಸಣ್ಣ ಕುಣಿಕೆ. ಮೋಟು ತುದಿಯನ್ನು ಕೊಡದ ಕಂಠಕ್ಕೆ ಸುತ್ತಿ ತಂದು, ಕುಣಿಕೆಯಲ್ಲಿ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಬೆನ್ನಿನ ಹಿಂದೆ ಬಳಸಿ, ಮತ್ತೆ ಅದೇ ಕುಣಿಕೆಯೊಳಗೆ ಇಳಿಸಿ ಎಳೆಯಬೇಕು. ಎಷ್ಟು ಭಾರ ಬಿದ್ದರೂ ಜಾರದು, ಬೇಕೆಂದಾಗ ಎರಡು ಬೆರಳಿಗೆ ಬಿಚ್ಚುತ್ತದೆ. ಅವನ ಕೈಯಲ್ಲಿ ಅದಕ್ಕೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು, ನನಗೆ ಒಂದೂವರೆ ಗಂಟೆ. ಒಮ್ಮೆ ಹಗ್ಗದೊಳಗೆ ನನ್ನದೇ ಹೆಬ್ಬೆರಳು ಸೇರಿಕೊಂಡಿತ್ತು. ಮಾಮಾ ಬಯ್ಯಲಿಲ್ಲ. ‘ಕಣ್ಣು ಮುಚ್ಚಿ ಹಾಕು. ರಾತ್ರಿ ಸಮುದ್ರದಲ್ಲಿ ಯಾರು ದೀಪ ಹಿಡೀತಾರೆ?’ ಎಂದ. ಕಣ್ಣು ಮುಚ್ಚಿದೆ. ಬಂತು. ಆ ಹೊತ್ತಿಗೆ ಕರೆಂಟೂ ಬಂತು, ಪಂಪು ಶುರುವಾಯಿತು. ನಾನು ಹಟಕ್ಕೆ ಇನ್ನೆಂಟು ಕೊಡ ಸೇದಿದೆ.

ಇದಾದ ಮೇಲೆ ನನಗೆ ಧೈರ್ಯ ಹೆಚ್ಚಾಗಿ ಡ್ರಮ್ಮನ್ನು ಮತ್ತೆ ತುಂಬಿಸಲು ಅಟ್ಟ ಹತ್ತಿದೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆತ. ಒಳಗೆ ಒಣಸಿಗಡಿ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸಾಲಾಗಿ. ಆಯಿಯ ಕೆಲಸ. ‘ಗಾಳಿ ಹೋಗದ ಡಬ್ಬಿ ಸುಮ್ಮನೆ ಖಾಲಿ ಇತ್ತು’ ಎಂದಳು. ಅವಳ ಮಟ್ಟಿಗೆ ಅದು ಆಪತ್ತಿನ ದಾಸ್ತಾನಲ್ಲ, ಪ್ರತಿ ವರ್ಷದ ಮಳೆಗಾಲ. ನಾನು ಇಟ್ಟದ್ದರಲ್ಲಿ ಉಳಿದಿದ್ದು ಕಡ್ಡಿಪೆಟ್ಟಿಗೆ ಮಾತ್ರ. ಗೀರಿದೆ. ಕಡ್ಡಿಯ ಕೆಂಪು ತಲೆ ಕುಂಕುಮದಂತೆ ಪೆಟ್ಟಿಗೆಯ ಬದಿಗೆ ಬಳಿದುಕೊಂಡಿತು. ನಮ್ಮ ಜೂನಿನಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸಲು ಹಿಡಿಯುತ್ತದೆ, ಕಡ್ಡಿಪೆಟ್ಟಿಗೆ ಯಾವ ಲೆಕ್ಕ.

ಈ ಸಲ ಜಾಣನಾದೆ. ಹೊಸ ಸೆಲ್ಲುಗಳನ್ನು ಡ್ರಮ್ಮಿನಲ್ಲಿ ಇಡಲೇ ಇಲ್ಲ. ಯಾರ ಕೈಗೂ ಸಿಗದ ಒಂದು ಜಾಗದಲ್ಲಿ ಬಚ್ಚಿಟ್ಟು, ಆ ಜಾಗ ಮರೆಯದಿರಲೆಂದು ಚೀಟಿಯಲ್ಲಿ ಬರೆದಿಟ್ಟೆ.

ಜುಲೈನ ಒಂದು ರಾತ್ರಿ, ಹನ್ನೊಂದರ ಸುಮಾರು, ಗಾಳಿಗೆ ಹಂಚು ಸರಿದು ಪಡಸಾಲೆಯಲ್ಲಿ ಸೋರತೊಡಗಿತು. ಕರೆಂಟು ಹೋಯಿತು. ಮೊಬೈಲು ಸಂಜೆಯೇ ಸತ್ತಿತ್ತು.

‘ಟಾರ್ಚು?’ ಎಂದಳು ಹೆಂಡತಿ.

‘ಇದೆ. ಸೆಲ್ ಹಾಕಬೇಕು.’

‘ಸೆಲ್ಲು?’

‘ಬಚ್ಚಿಟ್ಟಿದ್ದೇನೆ.’

‘ಎಲ್ಲಿ?’

‘ಚೀಟಿ ನೋಡಬೇಕು.’

‘ಚೀಟಿ?’

‘ಡ್ರಮ್ಮಿನಲ್ಲಿದೆ.’

ಅಟ್ಟದ ಏಣಿ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಸೋರುವ ನೀರು ತಾಮ್ರದ ಕೊಡದೊಳಗೆ ಟಣ್ ಟಣ್ ಎಂದು ಬೀಳತೊಡಗಿತು. ಅದನ್ನು ಸರಿಯಾದ ಜಾಗಕ್ಕೆ ಯಾರು, ಯಾವಾಗ ತಂದಿಟ್ಟರೋ. ಆಮೇಲೆ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅಕ್ಕಿಯೊಳಗೆ ಕೈ ಆಡಿಸಿದ ಸರಸರ, ಕಡ್ಡಿ ಗೀರಿದ ಸದ್ದು. ಒಂದೇ ಗೀರಿಗೆ ಹೊತ್ತಿತು. ತೆಂಗಿನೆಣ್ಣೆಯ ದೀಪ ಹಿಡಿದು ಬಂದ ಆಯಿ ನನ್ನ ಮುಖಕ್ಕೆ ಬೆಳಕು ತಂದು ನೋಡಿ ಹೇಳಿದಳು:

‘ಅಕ್ಕಿಯೊಳಗೆ ಎಂತದೋ ನಾಲ್ಕು ಸೆಲ್ಲೂ ಸಿಕ್ಕಿತ್ತು ಮೊನ್ನೆ. ತಾಂಡೇಲನ ಮೊಮ್ಮಗನ ಆಟದ ಕಾರಿಗೆ ಕೊಟ್ಟೆ.’