ನನ್ನನ್ನು ‘ಫ್ಯಾಮಿಲಿ’ಯಿಂದ ಬಿಡಿಸಿ, ಸಾಹೇಬ್ರೇ

ಹಿಂದಿನ ಮ್ಯಾನೇಜರ್ ಸಾಹೇಬ್ರಿಗೆ ಕಲಬುರಗಿಯ ಗಾಜಿಪುರದಿಂದ ನಿಮ್ಮ ಮಾಜಿ ಸೇಲ್ಸ್‌ಮನ್ ಮಾಡುವ ಶರಣು ಶರಣಾರ್ಥಿ.

ಇವತ್ತು ಹನ್ನೊಂದಕ್ಕೆ ಬಾ ಅಂದಿದ್ರಿ, ಬಂದೆ. ನಾಲ್ಕರ ತನಕ ಶೋರೂಮಿನ ಬಾಗಿಲ ಬಳಿ ನಿಂತೇ ಇದ್ದೆ. ಕುರ್ಚಿ ಗಿರಾಕಿಗಳಿಗೆ ಮಾತ್ರ ಅನ್ನುವ ನಿಮ್ಮ ಕಟ್ಟಳೆ ಇನ್ನೂ ಮರೆತಿಲ್ಲ. ‘ಸಾಹೇಬ್ರು ಕಮಲಾಪುರಕ್ಕ ಹೋಗ್ಯಾರ್ರಿ, ಬರ್ಲತ್ತಾರ’ ಅಂತ ಕೌಂಟರಿನ ಹುಡುಗ ಹೇಳುತ್ತಲೇ ಇದ್ದ. ನಿಮ್ಮ ಕಾರು ಮಾತ್ರ ಹಿಂದಿನ ಗಲ್ಲಿಯಲ್ಲೇ ನಿಂತಿತ್ತು. ನಡಕೊಂಡು ಹೋದಿರೇನೋ. ಮಹಾಗಾಂವ ಕ್ರಾಸ್ ದಾಟಿದಿರಾ? ಬರುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ತನ್ನಿ, ಫ್ಯಾಮಿಲಿಗೆ ಹಂಚೋಣ.

ಫ್ಯಾಮಿಲಿ! ‘ನಾವೆಲ್ಲ ಒಂದೇ ಫ್ಯಾಮಿಲಿ’ ಅಂತ ದಿನಾ ಬೆಳಿಗ್ಗೆ ಚಪ್ಪಾಳೆ ಹೊಡೆಸುತ್ತಿದ್ರಿ. ವಾಟ್ಸಾಪ್ ಗುಂಪಿಗೂ ಅದೇ ಹೆಸರು. ಟಾರ್ಗೆಟ್ ಮುಟ್ಟದವರ ಹೆಸರು ಕೆಂಪಕ್ಷರದಲ್ಲಿ ಬರುತ್ತಿತ್ತು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಕೂಲರ್ ಮಾರಲು ಜಾಣತನವೇ ಬೇಡ, ಬಿಸಿಲೇ ಮಾರಿಕೊಡುತ್ತದೆ. ಆದರೆ ಆಷಾಢದಲ್ಲಿ ಮಳೆ ಜಡಿಯುವಾಗಲೂ ನಿಮ್ಮ ಟಾರ್ಗೆಟ್ ಮೇ ತಿಂಗಳದ್ದೇ. ‘ಮನಸ್ಸಿದ್ರ ಮಳ್ಯಾಗೂ ಕೂಲರ್ ಮಾರಬಹುದು’ ಅಂದಿರಿ. ನಮ್ಮ ಮನಸ್ಸಿತ್ತು ಸಾಹೇಬ್ರೇ, ಗಿರಾಕಿಗೆ ಇರಲಿಲ್ಲ.

ಮಗಳಿಗೆ ಜ್ವರ ಬಂದ ದಿನ ರಜೆ ಕೇಳಿದೆ. ಲೊಕೇಶನ್ ಕಳಿಸು ಅಂದಿರಿ. ಆಸ್ಪತ್ರೆಯಿಂದಲೇ ಕಳಿಸಿದೆ. ‘ಅಲ್ಲಿ ವಾರ್ಡಿನ ಫ್ಯಾನು ಎಷ್ಟು ಹಳೇವು, ನೋಡ್ಕೊಂಡು ಬಾ’ ಅಂತ ಮರುಕ್ಷಣವೇ ಉತ್ತರ ಬಂತು. ಇಂಥ ಕಾಳಜಿ ಫ್ಯಾಮಿಲಿಯಲ್ಲಿ ಮಾತ್ರ ಸಾಧ್ಯ.

ಕರ್ನಾಟಕದ ಅಂಗಡಿಗಳ ಕಾಯ್ದೆ 1961ರದ್ದು, ನಮ್ಮಿಬ್ಬರಿಗಿಂತಲೂ ಹಳೆಯದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಅನ್ನುತ್ತದೆ. ನಾವು ಬೆಳಿಗ್ಗೆ ಹತ್ತಕ್ಕೆ ಬಂದರೆ ರಾತ್ರಿ ಶಟರ್ ಎಳೆಯುವ ತನಕ ನಿಂತಿರುತ್ತಿದ್ದೆವು. ಭಾನುವಾರವೇ ಹೆಚ್ಚು ವ್ಯಾಪಾರ, ರಜೆ ಎಲ್ಲಿಂದ ಬರಬೇಕು? ಕೇರಳದಲ್ಲಿ, ತಮಿಳುನಾಡಿನಲ್ಲಿ ಅಂಗಡಿ ಕೆಲಸದವರಿಗೆ ಕೂಡ್ರಲು ಆಸನ ಕೊಡಬೇಕೆಂದು ಕಾನೂನೇ ಆಗಿದೆ. ನಿಮಗೆ ಹೇಳಿದ್ದರೆ ಆ ಕುರ್ಚಿಗೂ ಬಾಡಿಗೆ ಹಿಡಿಯುತ್ತಿದ್ದಿರಿ.

ಹೋಗಲಿ, ಅದೆಲ್ಲ ಮುಗಿದ ಮಾತು. ಮುಗಿಯದ್ದು ನನ್ನ ಕೊನೆಯ ತಿಂಗಳ ಸಂಬಳ, ಬಾಕಿ ಇನ್ಸೆಂಟಿವ್ ಮತ್ತು ‘ಇವರು ನಮ್ಮಲ್ಲಿ ಕೆಲಸ ಮಾಡಿದ್ದರು’ ಎಂಬ ಒಂದು ಹಾಳೆ. ‘ಲೆಕ್ಕ ನಡೆದದ’ ಅನ್ನುತ್ತೀರಿ. ಏನು ಲೆಕ್ಕ? ಸ್ಟಾಕ್ ಒಪ್ಪಿಸಿದ್ದೇನೆ, ಸಿಮ್ ಕೊಟ್ಟಿದ್ದೇನೆ, ನಿಮ್ಮ ಲೋಗೋ ಇದ್ದ ಟೀ ಶರ್ಟನ್ನು ಒಗೆದು ಮಡಚಿ ಕೊಟ್ಟಿದ್ದೇನೆ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ಕೆಲಸದಿಂದ ತೆಗೆದವನಿಗಷ್ಟೇ ಅಲ್ಲ, ತಾನಾಗಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಎರಡು ದಿನ ಸಾಹೇಬ್ರೇ. ಕಮಲಾಪುರಕ್ಕೆ ನಡೆದೇ ಹೋಗಿ ಬಂದರೂ ಸಾಕಾಗುವಷ್ಟು ಸಮಯ.

ಬಿಸಿಲಲ್ಲಿ ಬೈಕ್ ಮೇಲೆ ತಿರುಗಿ, ನನ್ನದೇ ಪೆಟ್ರೋಲು ಸುಟ್ಟು ದುಡಿದ ದುಡ್ಡದು. ಅದನ್ನು ನಿಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತು ಬೇಡುವಂತೆ ಮಾಡಿದ್ದೀರಲ್ಲ, ನಾಚಿಕೆಯಾಗಬೇಕು. ನನಗಲ್ಲ, ನಿಮಗೆ.

ಒಂದು ಮಾತು ತಿಳಿಸಬೇಕು. ಕಾಯುತ್ತಿದ್ದಾಗ ಒಬ್ಬ ಮುದುಕರು ಬಂದು, ಕೂಲರಿಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕೇನಪ್ಪಾ ಎಂದು ನನ್ನನ್ನೇ ಕೇಳಿದರು. ಹುಲ್ಲಿನ ಪ್ಯಾಡು, ನೀರಿನ ಪಂಪು ಅದರೊಳಗೆ ಬರುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಅವರು ಕೂಲರ್ ಒಯ್ದರು, ವಾರಂಟಿ ಬಿಟ್ಟರು. ಇಷ್ಟು ದಿನದಲ್ಲಿ ನಾನು ನಿಮ್ಮಲ್ಲಿ ಮಾಡಿದ ಒಳ್ಳೆಯ ಸೇಲ್ ಅದೇ. ಇನ್ಸೆಂಟಿವ್ ಬೇಡ.

ಹೊಸ ಕೆಲಸ ಸಿಕ್ಕಿದೆ. ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲೊಂದರ ತೊಗರಿಬೇಳೆಯನ್ನು ಹುಮನಾಬಾದ್, ಬೀದರ ಕಡೆಯ ಕಿರಾಣಿ ಅಂಗಡಿಗಳಿಗೆ ಒಯ್ದು ಮಾರುವುದು. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಹೇಳಿಕೊಂಡು ಮಾರಬಹುದಾದ ಮಾಲು. ಆಷಾಢದಲ್ಲೂ ಜನ ಸಾರು ಮಾಡುತ್ತಾರೆ. ಮಾಲೀಕರು ಪೆಟ್ರೋಲ್ ಚೀಟಿ ಕೇಳಿ ಪಡೆದು ದುಡ್ಡು ಕೊಡುತ್ತಾರೆ, ಸಂಜೆ ಏಳರ ಮೇಲೆ ಫೋನ್ ಮಾಡುವುದಿಲ್ಲ. ನಮ್ಮನ್ನು ಫ್ಯಾಮಿಲಿ ಅಂತ ಇನ್ನೂ ಒಮ್ಮೆಯೂ ಕರೆದಿಲ್ಲ, ದೇವರು ಹಾಗೇ ಇಟ್ಟಿರಲಿ. ‘ಹಳೇ ಕಡೆಯದೊಂದು ಪತ್ರ ತಂದು ಕೊಡಪ್ಪಾ’ ಅಂದಿದ್ದಾರೆ, ಅಷ್ಟೇ.

ಆ ಪತ್ರಕ್ಕೆ ಸಹಿ ಹಾಕಿ ಕೌಂಟರಿನ ಹುಡುಗನ ಕೈಗೆ ಕೊಟ್ಟಿಡಿ, ನೀವು ಎದುರಿಗೆ ಬರುವುದೇನೂ ಬೇಡ. ದುಡ್ಡನ್ನು ಖಾತೆಗೆ ಹಾಕಿ. ಈ ಪತ್ರದ ಇನ್ನೊಂದು ಪ್ರತಿಯನ್ನು, ಹಾಜರಿಯ ಫೋಟೋಗಳ ಜೊತೆ, ಸೋಮವಾರ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡುತ್ತಿದ್ದೇನೆ.