ಖಾಲಿ ಸಾಲಿನ ಕೂಲಿ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಲ್ಯಾಪ್‌ಟಾಪ್ ಮುಚ್ಚಿ, ಗದ್ದೆ ಉತ್ತು ಬಂದವನ ಹಾಗೆ ಮೈ ಮುರಿದೆ. ಅಡುಗೆಮನೆಯಿಂದ ಹೆಂಡತಿ ಕೇಳಿದಳು, "ಏನ್ರೀ, ಮುಗೀತಾ?"

"ಮುಗೀತು."

"ಏಳು ಗಂಟೆಯಿಂದ ಏನು ಮಾಡಿದ್ರಿ?"

"ಒಂದು ಸಾಲು ಸೇರಿಸಿದೆ."

"ಏನಂತ?"

"ಏನಂತಾನೂ ಇಲ್ಲ. ಖಾಲಿ ಸಾಲು."

ಸೌಟಿನ ಸದ್ದು ನಿಂತಿತು. ಒಗ್ಗರಣೆ ಸೀಯುವ ವಾಸನೆ ಬರುವವರೆಗೂ ಅವಳು ಯೋಚಿಸಿರಬೇಕು. ಆಮೇಲೆ ಬಂದ ಪ್ರಶ್ನೆ ಒಂದೇ: "ಇದಕ್ಕೂ ಸಂಬಳ ಕೊಡ್ತಾರಾ?"

ಕೊಡುತ್ತಾರೆ. ಬೆಂಗಳೂರಿನ ಒಂದು ಕಚೇರಿಯ ಕಂಪೈಲರ್ ತಂಡದಲ್ಲಿ ನಾನಿದ್ದೇನೆ. ಕಂಪೈಲರ್ ಅಂದರೆ ದುಭಾಷಿ; ಮನುಷ್ಯರು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ಅರ್ಥವಾಗುವ ಮಾತಿಗೆ ತಿರುಗಿಸಿಕೊಡುತ್ತದೆ. ತಂಡದ ಉಳಿದವರೆಲ್ಲ ಆ ದುಭಾಷಿಯನ್ನು ಜಾಣನನ್ನಾಗಿ ಮಾಡುವವರು. ನಾನು ಅದರ ಕೈಪಿಡಿ ನೋಡಿಕೊಳ್ಳುವವನು. ಅದರಲ್ಲೂ ಈ ವರ್ಷ ನನ್ನ ಪಾಲಿಗೆ ಬಂದದ್ದು ಕೈಪಿಡಿಯ ಪಟ್ಟಿಗಳ ರಿಪೇರಿ. ಮದುವೆಮನೆಯಲ್ಲಿ ಎಲ್ಲರೂ ಅಡುಗೆ, ಓಲಗ, ಧಾರೆ ಅಂತ ಓಡಾಡುತ್ತಿರುವಾಗ ಚಪ್ಪಲಿ ಜೋಡಿಸಲು ಒಬ್ಬನನ್ನು ಬಾಗಿಲಲ್ಲಿ ನಿಲ್ಲಿಸುತ್ತಾರಲ್ಲ, ಅಂಥ ಹುದ್ದೆ.

ಇದರಲ್ಲೊಂದು ತಮಾಷೆ ಇದೆ. ನಮ್ಮ ಕಂಪೈಲರ್ ಓದುವ ಸಿ ಭಾಷೆಯಲ್ಲಿ ಖಾಲಿ ಸಾಲಿಗೆ ಕವಡೆ ಕಿಮ್ಮತ್ತಿಲ್ಲ. ಹ್ಯಾಷ್ ಗುರುತಿನ ಸಾಲುಗಳನ್ನು ಬಿಟ್ಟರೆ ಇಡೀ ಪ್ರೋಗ್ರಾಮನ್ನು ಒಂದೇ ಸಾಲಿನಲ್ಲಿ ರೈಲುಗಾಡಿಯ ಹಾಗೆ ಬರೆದರೂ ಅದು ಚಕಾರವೆತ್ತದು. ಇಂಥ ಉದಾರಿಯ ಕೈಪಿಡಿಯನ್ನು ನಾವು ಬರೆಯುವುದು ಮಾತ್ರ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಮಡಿವಂತ ಬರವಣಿಗೆಯಲ್ಲಿ. ಡೇವಿಡ್ ಗುಡ್ಜರ್ ಎಂಬವರು ಈ ಶತಮಾನದ ಆರಂಭದಲ್ಲಿ ರೂಪಿಸಿದ್ದು ಅದು. ಪೈಥಾನ್ ಭಾಷೆಯ ಕೈಪಿಡಿ, ಲಿನಕ್ಸ್ ಕರ್ನೆಲ್ಲಿನ ಕೈಪಿಡಿ, ಎಲ್‌ಎಲ್‌ವಿಎಂ ಕಂಪೈಲರಿನ ಕೈಪಿಡಿ ಎಲ್ಲವೂ ಅದರಲ್ಲೇ ಇವೆ. ನೋಡಲು ಸಾದಾ ಬರಹ. ಸಾಲಿನ ಮೊದಲಲ್ಲಿ ಒಂದು ನಕ್ಷತ್ರ, ಒಂದು ಸ್ಪೇಸ್ ಹಾಕಿ ಬರೆದರೆ ಅದು ಪಟ್ಟಿಯ ಒಂದು ಅಂಶ. ಪುಟದಲ್ಲಿ ಕರಿಚುಕ್ಕೆಯಾಗಿ ಮೂಡುತ್ತದೆ. ಆದರೆ ಪಟ್ಟಿ ಶುರುವಾಗುವ ಮುಂಚೆ ಒಂದು ಖಾಲಿ ಸಾಲು ಇರಲೇಬೇಕು. ಒಳಪಟ್ಟಿಗೂ ಹಿಂದೊಂದು, ಮುಂದೊಂದು. ಮುಂಚಿನ ಸಾಲು ಇಲ್ಲದಿದ್ದರೆ ನಕ್ಷತ್ರಗಳೆಲ್ಲ ಮೇಲಿನ ವಾಕ್ಯದೊಳಕ್ಕೆ ಹರಿದುಹೋಗಿ, ಮಜ್ಜಿಗೆಹುಳಿಗೆ ಬಿದ್ದ ಬೂಂದಿಯ ಹಾಗೆ ಅಲ್ಲಲ್ಲಿ ತೇಲುತ್ತವೆ. ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ನನ್ನ ಭಾನುವಾರ ಹೋದದ್ದು ಇಂಥದೇ ಒಂದು ಪಟ್ಟಿಗೆ. ಸಾಲು ಸೇರಿಸಲು ಒಂದು ಸೆಕೆಂಡು. ಎಲ್ಲಿ ಸೇರಿಸಬೇಕು ಎಂದು ಹುಡುಕಲು ಉಳಿದದ್ದು.

ನಮ್ಮಮ್ಮ ಶೆಟ್ಟರ ಅಂಗಡಿಗೆ ಬರೆದು ಕಳಿಸುತ್ತಿದ್ದ ಸಾಮಾನು ಚೀಟಿ ನೆನಪಾಗುತ್ತದೆ. ಮೇಲೆ ಒಂದು ಶ್ರೀ, ಮೊದಲನೆಯದು ಅರಿಶಿನ, ಆಮೇಲೆ ತೊಗರಿಬೇಳೆ ಎರಡು ಕೆಜಿ, ಅದರ ಕೆಳಗೆ "ಉದ್ದು ,, ,,", ಅದರ ಪಕ್ಕದಲ್ಲೇ ಅಡ್ಡಡ್ಡವಾಗಿ "ಹೋದ ಸಲದ್ದರಲ್ಲಿ ಹುಳ ಇತ್ತು", ಚೀಟಿ ತುಂಬಿದ್ದಕ್ಕೆ ಅಂಚಿನಲ್ಲಿ ತಲೆಕೆಳಗಾಗಿ ಹುಣಸೆಹಣ್ಣು. ಖಾಲಿ ಸಾಲು ಎಂಬುದು ಆ ಚೀಟಿಯ ಜಾತಕದಲ್ಲೇ ಇರಲಿಲ್ಲ. ಶೆಟ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಚೀಟಿಯನ್ನು ಒಂದು ಸುತ್ತು ತಿರುಗಿಸಿ, ಎಲ್ಲವನ್ನೂ ಸರಿಯಾಗಿ ಕಟ್ಟಿಕೊಡುತ್ತಿದ್ದರು. ಹುಣಸೆಹಣ್ಣು ಎಂದೂ ತಪ್ಪಿಹೋದದ್ದಿಲ್ಲ. ಗಣಕ ವಿಜ್ಞಾನ ಇನ್ನೂ ಶೆಟ್ಟರ ಮಟ್ಟಕ್ಕೆ ಬಂದಿಲ್ಲ ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ಚುಕ್ಕೆ ಅಲ್ಲಿದ್ದರೇನು ಇಲ್ಲಿದ್ದರೇನು ಅನ್ನುವವರಿಗೆ ಒಂದು ಕಥೆ ಹೇಳುತ್ತೇನೆ. ಲೂಪನ್ನು ವೇಗಗೊಳಿಸಲು ಕಂಪೈಲರಿಗೆ ಮೂರು ಷರತ್ತು ಎಂದು ಕೈಪಿಡಿಯಲ್ಲಿತ್ತು. ಒಂದು, ಲೂಪು ಎಷ್ಟು ಸುತ್ತು ತಿರುಗುತ್ತದೆಂದು ಮೊದಲೇ ಲೆಕ್ಕ ಸಿಗಬೇಕು. ಎರಡು, ಅದರೊಳಗೆ ಬೇರೆ ಫಂಕ್ಷನ್ನುಗಳನ್ನು ಕರೆಯಬಾರದು. ಮೂರು, ಓದುವ ಜಾಗ ಮತ್ತು ಬರೆಯುವ ಜಾಗ ಒಂದರ ಮೇಲೊಂದು ಬೀಳಬಾರದು. ಈ ಮೂರನೆಯದಕ್ಕೆ ಎರಡು ಒಳದಾರಿ: ಪ್ರೋಗ್ರಾಮರೇ "ಬೀಳುವುದಿಲ್ಲ" ಎಂದು ರಿಸ್ಟ್ರಿಕ್ಟ್ ಎಂಬ ಪದ ಹಾಕಿ ಮಾತು ಕೊಡಬಹುದು, ಇಲ್ಲವೇ ಕಂಪೈಲರೇ ಒಂದು ತಪಾಸಣೆಯನ್ನು ಸೇರಿಸಿಕೊಳ್ಳುತ್ತದೆ. ಯಾರೋ ಪುಣ್ಯಾತ್ಮರು ಒಳದಾರಿಗಳೆರಡನ್ನೂ ಎರಡು ಸ್ಪೇಸ್ ಎಡಕ್ಕೆ ಎಳೆದಿದ್ದರು. ಪುಟದಲ್ಲಿ ಮೂರು ಷರತ್ತು ಐದಾದವು. ಗ್ರಾಹಕರ ಕಡೆಯ ಎಂಜಿನಿಯರೊಬ್ಬರು ಬಹಳ ವಿನಯದಿಂದ ಬರೆದರು: "ನಾಲ್ಕು ಷರತ್ತು ಪೂರೈಸಿದ್ದೇವೆ. ಐದನೆಯದು ಕಂಪೈಲರ್ ತಾನೇ ಮಾಡಬೇಕಾದ್ದು ಎಂದಿದೆ. ಅದು ಮಾಡುತ್ತಿಲ್ಲ. ಅದಕ್ಕೆ ಹೇಗೆ ಹೇಳುವುದು?" ಮಾತು ಕೊಟ್ಟ ಮೇಲೆ ತಪಾಸಣೆ ಏಕೆ ಮಾಡುತ್ತದೆ ಪಾಪ! ಎರಡು ಸ್ಪೇಸ್ ಬಲಕ್ಕೆ ತಳ್ಳಿ ಉತ್ತರ ಬರೆದೆ.

ಅಡ್ಡಗೆರೆಯದು ಇನ್ನೊಂದು ಗೋಳು. ಚುಕ್ಕೆ ಬರಿಸಲು ನಕ್ಷತ್ರದ ಬದಲು ಅಡ್ಡಗೆರೆಯನ್ನೂ ಹಾಕಬಹುದು. ಆದರೆ ಕಂಪೈಲರಿಗೆ ಕೊಡುವ ಆಜ್ಞೆಗಳೆಲ್ಲ ಶುರುವಾಗುವುದೂ ಅಡ್ಡಗೆರೆಯಿಂದಲೇ. "-ಓ2" ಎಂದರೆ ಪ್ರೋಗ್ರಾಮನ್ನು ಚುರುಕು ಮಾಡು ಎಂಬ ಆಜ್ಞೆ. ಕೈತಪ್ಪಿ ನಡುವೆ ಒಂದು ಸ್ಪೇಸ್ ಬಿದ್ದರೆ ಅದು ಪಟ್ಟಿಯ ಚುಕ್ಕೆಯಾಗಿ, ಓ2 ಎಂಬುದು ಏನೋ ಒಂದು ವಸ್ತುವಿನ ಹೆಸರಿನಂತೆ ಕುಳಿತಿರುತ್ತದೆ. ಎರಡು ಅಡ್ಡಗೆರೆ ಹಾಕಿ ಸಹಾಯ ಕೇಳುವ ಆಜ್ಞೆಯಿದೆ. ಅದನ್ನು ಸಾದಾ ವಾಕ್ಯದಲ್ಲಿ ಬರೆದರೆ ಪುಟ ಕಟ್ಟುವ ಸ್ಫಿಂಕ್ಸ್ ಎಂಬ ಸಲಕರಣೆ ಎರಡನ್ನೂ ಸೇರಿಸಿ ಒಂದು ಚಂದದ ಉದ್ದ ಗೆರೆ ಮಾಡುತ್ತದೆ. ಓದುಗರು ಅದನ್ನೇ ನಕಲಿಸಿ ಹಾಕಿದರೆ ಕಂಪೈಲರಿಗೆ ಸಹಾಯ ಎಂಬ ಪದವೇ ಗೊತ್ತಾಗುವುದಿಲ್ಲ.

ಈ ಗ್ರಹಚಾರ ನನ್ನೊಬ್ಬನದೇ ಅಲ್ಲ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಕಂಪೈಲರಿನ ಕೈಪಿಡಿ ಟೆಕ್ಸ್‌ಇನ್ಫೋ ಎಂಬ ಬೇರೊಂದು ಪದ್ಧತಿಯದು. ಅಲ್ಲಿ ಪಟ್ಟಿಯನ್ನು ತೆರೆಯಲು ಒಂದು ಪದ, ಮುಚ್ಚಲು ಒಂದು ಪದ. ಹಾಕಿದ ಬಾಗಿಲಿಗೆಲ್ಲ ಅಗುಳಿ. ಆದರೂ ಗುಂಡಿ ಇಲ್ಲದಿಲ್ಲ. ಎರಡು ಆಜ್ಞೆಗೆ ಒಂದೇ ವಿವರಣೆ ಇದ್ದರೆ ಮೊದಲನೆಯದಕ್ಕೆ ಐಟಮ್ ಎಂದೂ ಎರಡನೆಯದಕ್ಕೆ ಕೊನೆಯಲ್ಲೊಂದು ಎಕ್ಸ್ ಸೇರಿಸಿ ಐಟಮ್‌ಎಕ್ಸ್ ಎಂದೂ ಬರೆಯಬೇಕು. ಎಕ್ಸ್ ಮರೆತರೆ ಮೊದಲನೆಯ ಆಜ್ಞೆ, ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸದೆ ಮುಂದೆ ಹೋದಾಗ ಕೂತಿರುವ ಅತಿಥಿಯ ಹಾಗೆ ಬರಿಗೈಯಲ್ಲಿ ಉಳಿಯುತ್ತದೆ. 2022ರ ನವೆಂಬರಿನಲ್ಲಿ ಜಿಸಿಸಿಯವರು ಕೈಪಿಡಿಯನ್ನೆಲ್ಲ ನಮ್ಮ ಸ್ಫಿಂಕ್ಸಿನ ಕಡೆಗೆ ಸಾಗಿಸಿದರು. ಹೊಸ ಮನೆಯಲ್ಲಿ ಹಾಲುಕ್ಕಿಸಿದ್ದೂ ಆಯಿತು. ವಾರದೊಳಗೆ ಸಾಮಾನೆಲ್ಲ ಹೇರಿಕೊಂಡು ಹಳೇ ಮನೆಗೇ ವಾಪಸು ಬಂದರು. ಸುದ್ದಿ ಓದಿದ ದಿನ ನನಗೆ ಚೆನ್ನಾಗಿ ನಿದ್ದೆ ಬಂತು.

ಜಿಸಿಸಿಯವರ ಒಂದು ಕಟ್ಟಳೆ ಕಂಡರೆ ಮಾತ್ರ ನನಗೆ ಹೊಟ್ಟೆಕಿಚ್ಚು. ಬರೆಯುವ ಹಕ್ಕುಳ್ಳವರು ಎದ್ದು ಕಾಣುವ ತಪ್ಪನ್ನು ಯಾರ ಅಪ್ಪಣೆಗೂ ಕಾಯದೆ ತಿದ್ದಬಹುದು ಅಲ್ಲಿ. ನಮ್ಮಲ್ಲಿ ಖಾಲಿ ಸಾಲಿಗೂ ಇಬ್ಬರ ಒಪ್ಪಿಗೆ ಬೇಕು. ತಿದ್ದುಪಡಿ ಹೇಗೆ ಕಾಣುತ್ತದೆ ಗೊತ್ತೇ? ಹಸಿರು ಪಟ್ಟಿ, ಅದರ ತಲೆಯಲ್ಲಿ ಒಂದು ಕೂಡು ಚಿಹ್ನೆ, ಮುಂದೆ ಬಟಾಬಯಲು. ಹೊಸದಾಗಿ ಸೇರಿದ ಹುಡುಗ ಒಮ್ಮೆ ನನ್ನ ಮೇಜಿನ ಹತ್ತಿರವೇ ಬಂದು, "ಸರ್, ನೀವು ಬರೆದಿದ್ದು ಸೇವ್ ಆಗಿಲ್ಲ ಅನ್ಸುತ್ತೆ, ಏನೂ ಕಾಣಿಸ್ತಿಲ್ಲ" ಅಂದ. ಕಾಣಿಸದಿರುವುದೇ ಕೆಲಸ ಎಂದು ಅವನಿಗೆ ತಿಳಿಸಿಹೇಳಲು ಎರಡು ಕಾಫಿ ಖರ್ಚಾಯಿತು.

ಇಷ್ಟೆಲ್ಲ ಪಾಂಡಿತ್ಯ ಬಂದಮೇಲೆ ಮನುಷ್ಯನಿಗೆ ಕೈ ತುರಿಸುತ್ತದೆ. ಕೈಪಿಡಿಯ ಕಟ್ಟಕಡೆಗೆ ಕೃತಜ್ಞತೆಯ ಪುಟ. ಕಂಪೈಲರಿಗೆ ದುಡಿದವರ ಹೆಸರುಗಳನ್ನೆಲ್ಲ ಕಾಮಾ ಹಾಕಿ ಒಂದೇ ಉಸಿರಿಗೆ ಬರೆದಿದ್ದರು, ಇಂಗ್ಲಿಷಿನಲ್ಲಿ. ಇದೆಂಥ ಮರ್ಯಾದೆ ಎನಿಸಿ, ಒಬ್ಬೊಬ್ಬರಿಗೂ ಒಂದೊಂದು ಸಾಲು ಕೊಟ್ಟೆ. ನಡುನಡುವೆ ನನ್ನ ಪ್ರೀತಿಯ ಖಾಲಿ ಸಾಲು. ಯಾವ ಎಚ್ಚರಿಕೆಯೂ ಬರಲಿಲ್ಲ. ಇಬ್ಬರೂ ಒಪ್ಪಿದರು. ಪುಟ ಹೊರಟಿತು.

ಮೂರು ವಾರದ ಮೇಲೆ ನಿವೃತ್ತರಾದ ಹಿರಿಯರೊಬ್ಬರ ಫೋನು. ನಮ್ಮ ಕಂಪೈಲರಿನ ಮೊದಲ ಸಾಲು ಬರೆದವರು. ಹೊಳೆನರಸೀಪುರದ ಕಡೆಯವರು, ಇನಿಷಿಯಲ್ ಎಚ್. ಎಸ್. ಹೆಸರು ಇಲ್ಲಿ ಬೇಡ.

"ಏನಯ್ಯಾ, ನನಗೆ ಕೈದಿ ನಂಬರ್ ಕೊಟ್ಟಿದ್ದೀಯಲ್ಲ?"

ಪುಟ ತೆಗೆದು ನೋಡಿದೆ. ಅವರ ಹೆಸರಿನ ಮುಂದೆ ಎಚ್. ಎಸ್. ಇರಲಿಲ್ಲ. "8. 19." ಇತ್ತು.

ಆಗಿದ್ದು ಇಷ್ಟು. ಒಂದೇ ಸಾಲಿನ ಪ್ಯಾರಾ ಒಂದು ಇಂಗ್ಲಿಷ್ ಅಕ್ಷರ, ಒಂದು ಚುಕ್ಕಿ, ಒಂದು ಸ್ಪೇಸಿನಿಂದ ಶುರುವಾದರೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಅದನ್ನು ಎ, ಬಿ, ಸಿ ಎಂದು ಎಣಿಸುವ ಪಟ್ಟಿ ಎಂದೇ ತಿಳಿಯುತ್ತದೆ. ಎಚ್ ಎಂಟನೆಯ ಅಕ್ಷರ. ಅದರೊಳಗೆ ಇಣುಕಿದರೆ ಮತ್ತೆ ಎಸ್, ಚುಕ್ಕಿ. ಅದು ಒಳಪಟ್ಟಿ, ಹತ್ತೊಂಬತ್ತನೆಯದು. ನಮ್ಮ ಪುಟವಿನ್ಯಾಸದಲ್ಲಿ ಅಂಥ ಪಟ್ಟಿಗಳಿಗೆಲ್ಲ ಅಂಕಿ. ಎಚ್ ಅವರ ಊರು, ಎಸ್ ಅವರ ತಂದೆ. ಹೀಗೆ ಹೊಳೆನರಸೀಪುರ ಎಂಟಾಗಿ, ಅವರ ತೀರ್ಥರೂಪರು ಹತ್ತೊಂಬತ್ತಾಗಿದ್ದರು. ಇನಿಷಿಯಲ್ ಇಲ್ಲದ ದೆಹಲಿ, ಪುಣೆಯ ಸಹೋದ್ಯೋಗಿಗಳ ಹೆಸರು ಎಲ್ಲವೂ ಸುಕ್ಷೇಮ. ಊರನ್ನೂ ಅಪ್ಪನನ್ನೂ ಹೆಸರಿನ ಮುಂದೆ ಹೊತ್ತು ತಿರುಗುವ ನಮ್ಮವರಿಗೇ ಈ ಶಿಕ್ಷೆ.

ತಲೆ ಬಿಸಿಯಾದಾಗ ಲೆಕ್ಕ ಹಾಕುವುದು ನನ್ನ ಚಟ. ಕುವೆಂಪು ಅವರ ಹೆಸರನ್ನು ಇಂಗ್ಲಿಷಿನಲ್ಲಿ ಕೆ. ವಿ. ಪುಟ್ಟಪ್ಪ ಎಂದು ಬರೆದು ಈ ಯಂತ್ರಕ್ಕೆ ಕೊಟ್ಟರೆ ಕುಪ್ಪಳಿ ಹನ್ನೊಂದು, ವೆಂಕಟಪ್ಪ ಇಪ್ಪತ್ತೆರಡು. ಡಿ. ವಿ. ಗುಂಡಪ್ಪನವರ ದೇವನಹಳ್ಳಿಗೆ ನಾಲ್ಕು. ಸರ್ ಸಿ. ವಿ. ರಾಮನ್ ಅವರಿಗೆ "ಸರ್" ಮುಂದಿದ್ದರೆ ರಕ್ಷೆ. ಇಲ್ಲದಿದ್ದರೆ 3, 22. ಸಿ ರೋಮನ್ ಅಂಕಿಯಲ್ಲಿ ನೂರಲ್ಲವೇ ಎಂದು ಕೇಳುವ ಜಾಣರಿಗೆ ಹೇಳುತ್ತೇನೆ: ಒಂಟಿ ಅಕ್ಷರಗಳಲ್ಲಿ ಐ ಒಂದನ್ನು ಮಾತ್ರ ಇದು ರೋಮನ್ ಎಂದು ಓದುತ್ತದೆ. ಹಾಗಾಗಿ ಇಳಕಲ್ಲಿನವರು ಒಂಬತ್ತರ ಬದಲು ಒಂದನೇ ರ‍್ಯಾಂಕು ಪಡೆಯುತ್ತಾರೆ. ಇವರೆಲ್ಲರಿಗಿಂತ ಮುಂದಾಲೋಚನೆಯವರು ಮಾಸ್ತಿ. ಊರಿನ ಹೆಸರನ್ನು ಇನಿಷಿಯಲ್ ಮಾಡದೆ ಇಡಿಯಾಗಿ ಇಟ್ಟುಕೊಂಡರು. ಯಾವ ಯಂತ್ರವೂ ಅವರನ್ನು ಮುಟ್ಟಲಾರದು. ಕನ್ನಡದಲ್ಲೇ ಬರೆದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಈ ಯಂತ್ರ ಎಣಿಸುವುದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ.

ಪರಿಹಾರ ಸುಲಭ. ಹೆಸರಿನ ಮೊದಲಿಗೆ ಒಂದು ಓರೆಗೆರೆ, \ ಹೀಗೆ, ಹಾಕಿದರೆ ಸಾಕು. ಯಂತ್ರ ಅದನ್ನು ನುಂಗಿ ಅಕ್ಷರವನ್ನು ಅಕ್ಷರವಾಗಿಯೇ ಬಿಡುತ್ತದೆ. ಹಾಕಿ, ಪುಟ ಕಟ್ಟಿ ನೋಡಿ, ಹಿರಿಯರಿಗೆ ಫೋನು ಮಾಡಿದೆ.

"ಊರು ವಾಪಸ್ ಬಂತು ಸಾರ್."

"ಅಪ್ಪ?"

"ಅವರೂ ಬಂದರು ಸಾರ್."

"ಸರಿ. ಹೆಸರಿನ ಮುಂದೆ ಅದೇನೋ ಗೆರೆ ಅಂದೆಯಲ್ಲ, ಕಾಣಿಸುತ್ತೋ?"

"ಇಲ್ಲ ಸಾರ್."

"ಹಾಗಾದ್ರೆ ನೀನೇ ಹಾಕಿದ್ದು ಅಂತ ಯಾರಿಗಯ್ಯಾ ಗೊತ್ತಾಗುತ್ತೆ?" ಎಂದು ನಕ್ಕು ಫೋನಿಟ್ಟರು.

ಆ ಪುಟದಲ್ಲಿ ಇನಿಷಿಯಲ್ ಮುಂದಿಟ್ಟುಕೊಂಡವರು ಇನ್ನೂ ಆರು ಜನ ಇದ್ದಾರೆ. ಅವರಿಗೂ ಒಂದೊಂದು ಓರೆಗೆರೆ ಹಾಕಿ ಕಳಿಸಿದ್ದೇನೆ. ಒಬ್ಬರು ಒಪ್ಪಿದ್ದಾರೆ. ಎರಡನೆಯವರು ಗುರುವಾರದವರೆಗೆ ರಜೆಯಲ್ಲಿದ್ದಾರೆ.