ಸಪ್ತಾಪುರದಲ್ಲೊಂದು ಕಾಟ್ ಖಾಲಿ ಇದೆ

ನಮ್ಮ ಮನೆಯ ಮಹಡಿಗಳಿಗೆ ಹೆಸರಿದೆ. ಮೊದಲನೆಯದು ‘545’. ಎರಡನೆಯದು ‘384’. ಅದರ ಮೇಲೆ ತಗಡು ಹೊದ್ದುಕೊಂಡು ನಿಂತಿರುವುದು ‘ಒಳಮೀಸಲಾತಿ’. ಧಾರವಾಡಕ್ಕೆ ಹೊಸದಾಗಿ ಬಂದವರು ಇದೇನು ಮನೆಯೋ ಸಚಿವಾಲಯದ ಕಡತವೋ ಅನ್ನುತ್ತಾರೆ. ಸಪ್ತಾಪುರದವರು ಮಾತ್ರ ಕೇಳಿದ ಕೂಡಲೇ ತಲೆದೂಗುತ್ತಾರೆ. ಅವರವರ ಮನೆಗೂ ಇಂಥದೇ ವಂಶಾವಳಿ ಇದೆ.

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದಾಗ ನನಗೆ ನಿದ್ದೆ ಬಂದಿರಲಿಲ್ಲ. ಹುಡುಗರು ಪಾಸಾಗಿ ಹೋಗಿಬಿಟ್ಟರೆ ಹಿತ್ತಲಿನ ನಾಲ್ಕು ಖೋಲಿಗಳ ಗತಿ? ದೇವರು ದೊಡ್ಡವನು, ಒಎಂಆರ್ ಹಾಳೆ ಅವನಿಗಿಂತ ದೊಡ್ಡದು. 2022ರ ಏಪ್ರಿಲಿನಲ್ಲಿ ಅಕ್ರಮ ಬಯಲಾಗಿ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅಷ್ಟರೊಳಗೆ ನನ್ನ ಸ್ಲ್ಯಾಬ್ ಒಣಗಿ, ಸುಣ್ಣಬಣ್ಣ ಮುಗಿದು, ಹದಿನಾರು ಕಾಟ್ ಬಿದ್ದಿದ್ದವು.

ಅದೇ ವರ್ಷ ಆಗಸ್ಟ್ 27ಕ್ಕೆ ಕೆಎಎಸ್‌ನ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ. ಪ್ರಶ್ನೆಗಳನ್ನು ಅನುವಾದಿಸಿದ ಪುಣ್ಯಾತ್ಮರು ಓದಿದವರಿಗೆ ಕನ್ನಡವೆಂದು ಅನುಮಾನವೂ ಬರದಂತೆ ಎಚ್ಚರ ವಹಿಸಿದ್ದರು. ಗದ್ದಲವಾಗಿ ಡಿಸೆಂಬರ್ 29ಕ್ಕೆ ಮತ್ತೊಮ್ಮೆ ಪರೀಕ್ಷೆ. ಅದರಲ್ಲೂ ತಪ್ಪು! ಕನ್ನಡಕ್ಕೆಂದೇ 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದ ಊರು ನಮ್ಮದು. ಕನ್ನಡದಿಂದ ಇಷ್ಟು ನೇರವಾಗಿ ಮನೆಗೆ ಸಿಮೆಂಟು ಬಂದದ್ದು ಮಾತ್ರ ಇದೇ ಮೊದಲು. ಈ ಎರಡು ಪರೀಕ್ಷೆಗಳ ನಡುವೆ, ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ಆ ರಾತ್ರಿ ಮೇಲಿನ ಹುಡುಗರು ಊಟ ಬಿಟ್ಟರು. ನಾನು ಬೆಳಿಗ್ಗೆ ತಗಡಿನ ಅಂಗಡಿಗೆ ಹೋದೆ.

ಅಪ್ಪನಿಗೆ ಈ ವ್ಯವಹಾರ ತಿಳಿಯುತ್ತಿರಲಿಲ್ಲ. ಪಾವಟೆಯವರು ಕುಲಪತಿಗಳಾಗಿದ್ದಾಗ ಛೋಟಾ ಮಹಾಬಳೇಶ್ವರದ ಗುಡ್ಡ ಹತ್ತಿ ಕರ್ನಾಟಕ ಯೂನಿವರ್ಸಿಟಿಯಲ್ಲಿ ಕಾರಕೂನಿಕೆ ಮಾಡಿದ ಮನುಷ್ಯ. ಹಂಚಿನ ಮನೆ, ಮುಂದೆ ತುಳಸಿಕಟ್ಟೆ, ಹಿಂದೆ ಒಂದು ಆಪೂಸ ಗಿಡ. ಅಟ್ಟದ ಮೇಲೆ ವಾರಾನ್ನದ ಹುಡುಗನೊಬ್ಬನಿದ್ದ. ಸೋಮವಾರ ನಮ್ಮಲ್ಲಿ ಊಟ, ಉಳಿದ ದಿನ ಉಳಿದವರಲ್ಲಿ. ಬಾಡಿಗೆಯ ಮಾತು ತೆಗೆದರೆ ಅಪ್ಪ, “ಪಾಸಾದ ಮ್ಯಾಲೆ ನೋಡೂಣು” ಅನ್ನುತ್ತಿದ್ದ. ಆ ಹುಡುಗ ಡಿಗ್ರಿ ಮುಗಿಸಿದವನೇ ನೌಕರಿ ಹಿಡಿದು ಹೋಗಿಯೇಬಿಟ್ಟ. ಇಂಥ ಬಾಡಿಗೆದಾರರನ್ನು ನಂಬಿ ಯಾವ ಮನೆ ಮಹಡಿ ಕಂಡೀತು?

ಈಗ ನಮ್ಮಲ್ಲಿ ಎಲ್ಲವೂ ಕಾಟ್ ಬೇಸಿಸ್. ಹುಡುಗ ಬಾಡಿಗೆ ಕೊಡುವುದು ಮನೆಗಲ್ಲ, ಖೋಲಿಗೂ ಅಲ್ಲ, ಆರಡಿ ಉದ್ದ ಮೂರಡಿ ಅಗಲದ ಕಬ್ಬಿಣಕ್ಕೆ. ಅದಕ್ಕೆ ತಾಗಿದ ಗೋಡೆ ಉಚಿತ, ಭಾರತದ ನಕಾಶೆ ಹಚ್ಚಿಕೊಳ್ಳಬಹುದು. ಮೊಳೆ ಹೊಡೆದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ. ಎರಡು ಕಾಟಿನ ನಡುವೆ ಒಬ್ಬ ನಡೆಯಬಹುದು. ಇಬ್ಬರು ಎದುರಾದರೆ ಒಬ್ಬ ಕಾಟ್ ಹತ್ತಬೇಕು. ಓದುವುದಕ್ಕೆ ಜಾಗ ಎಲ್ಲಿ ಅಂತ ಕೇಳುವವರಿಗೆ ಎದುರು ಮನೆಯವರು ಲೈಬ್ರರಿ ತೆರೆದಿದ್ದಾರೆ. ಸಪ್ತಾಪುರದಲ್ಲಿ ಲೈಬ್ರರಿ ಅಂದರೆ ಪುಸ್ತಕ ಇಲ್ಲದ ಕಟ್ಟಡ. ಕುದುರೆಗೆ ಕಣ್ಣಪಟ್ಟಿ ಕಟ್ಟಿದಂತೆ ಎರಡೂ ಬದಿಗೆ ಪ್ಲೈವುಡ್, ಒಂದು ಟ್ಯೂಬ್‌ಲೈಟು, ಒಂದು ಪ್ಲಗ್ ಪಾಯಿಂಟ್, ‘ಶಾಂತತೆ ಕಾಪಾಡಿ’ ಎಂಬ ಬೋರ್ಡು. ಪುಸ್ತಕ ನೀವೇ ತರಬೇಕು. ಇಪ್ಪತ್ನಾಲ್ಕು ತಾಸೂ ತೆರೆದಿರುತ್ತದೆ. ಊರಿನಲ್ಲಿ ರಾತ್ರಿಯಿಡೀ ಎಚ್ಚರ ಇರುವುದು ಅದೊಂದು ಮತ್ತು ಸರಕಾರಿ ಆಸ್ಪತ್ರೆ.

ಬೆಳಿಗ್ಗೆ ಐದಕ್ಕೆ ಓಣಿ ಧಡಧಡ ಅನ್ನುತ್ತದೆ. 1600 ಮೀಟರ್ ಓಡುವವರು ಮೈದಾನಕ್ಕೆ ಹೊರಟರು ಅಂತ ಅರ್ಥ. ನಮ್ಮ ನಡುಮನೆಯ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿದ್ದವು. ಬಣ್ಣ ಬಳಿಸುವಾಗ ಅವು ಹೋದವು. ಈಗ ಒಂದೇ ಕೆಂಪು ಗೆರೆ ಇದೆ: 168 ಸೆಂ.ಮೀ., ಪಿಎಸ್‌ಐ ಆಗಲು ಗಂಡುಮಕ್ಕಳಿಗೆ ಬೇಕಾದ ಎತ್ತರ. 167 ಇರುವವನೊಬ್ಬ ಇದ್ದಾನೆ. ದಿನಾ ಮುಂಜಾನೆ ಆಪೂಸ ಗಿಡದ ಕೊಂಬೆಗೆ ಜೋತುಬಿದ್ದು ನೂರು ಎಣಿಸಿ, ಇಳಿದ ಕೂಡಲೇ ಬಂದು ಗೆರೆಗೆ ತಲೆ ಹಚ್ಚಿ ನಿಲ್ಲುತ್ತಾನೆ, ಎತ್ತರ ದಾರಿಯಲ್ಲೆಲ್ಲೋ ಸೋರಿಹೋಗದಿರಲಿ ಅಂತ. ಕೊಂಬೆಗೂ ತಿಂಗಳಿಗೆ ಐವತ್ತು ರೂಪಾಯಿ ಹಾಕೋಣವೆಂದಿದ್ದೆ. ಹೆಂಡತಿ ಬಿಡಲಿಲ್ಲ. ಅವಳಿಗೆ ಮೊದಲಿನಿಂದಲೂ ವ್ಯಾಪಾರಬುದ್ಧಿ ಕಡಿಮೆ.

ಓಣಿಯ ಬಾಯಲ್ಲಿ ಮೂರು ಕೋಚಿಂಗಿನವರ ಫ್ಲೆಕ್ಸ್ ಇದೆ. ಮೂರರಲ್ಲೂ ಪ್ರಥಮ ರ‍್ಯಾಂಕಿನವನು ಒಬ್ಬನೇ, ಅಂಗಿ ಮಾತ್ರ ಬೇರೆ.

ಇನ್ನು ಏಳನೇ ನಂಬರ್ ಕಾಟಿನವನ ಬಗ್ಗೆ ಹೇಳಬೇಕು. ಸಿಂದಗಿ ಕಡೆಯ ಹುಡುಗ, ನನ್ನಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ಮೂರು ಸರಕಾರ ನೋಡಿದ, ನಾಲ್ಕು ಸಲ ಕಟ್ ಆಫ್ ಹತ್ತಿರ ಹೋಗಿ ಬಂದ. ಹೋದ ವರ್ಷ ವಯೋಮಿತಿ ದಾಟಿತು. ನಾನು ಕಾಟ್ ಖಾಲಿ ಆಗುತ್ತದೆಂದು ಹಳಹಳಿಸುತ್ತಿದ್ದರೆ ಅವನೇ ಬಂದು ನಮ್ಮ ಸ್ಕೂಟರ್ ನಿಲ್ಲಿಸುವ ಶೆಡ್ ಕೇಳಿದ. ಈಗ ಅಲ್ಲಿ ಸಂಜೆ ಆರರಿಂದ ಕ್ಲಾಸು ನಡೆಯುತ್ತದೆ. ವಿಷಯ: ಮೊದಲ ಪ್ರಯತ್ನದಲ್ಲೇ ಪಾಸಾಗುವುದು ಹೇಗೆ. ನಲವತ್ತು ಹುಡುಗರು ಕೂಡುತ್ತಾರೆ. ಚೆನ್ನಾಗಿಯೇ ಹೇಳುತ್ತಾನೆ, ನಾನೂ ಕಿಟಕಿಯಿಂದ ಕೇಳಿದ್ದೇನೆ.

ಇದು ಅವರವ್ವಗೆ ಗೊತ್ತಿಲ್ಲ. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಆಕೆ ರೊಟ್ಟಿಯ ಗಂಟನ್ನು ಕಂಡಕ್ಟರನ ಕೈಗೆ ಕೊಟ್ಟು ಕಳಿಸುವುದು ಬಿಟ್ಟು ತಾನೇ ಹೊತ್ತು ತರುತ್ತಾಳೆ. ಮೊನ್ನೆಯೂ ಬಂದಿದ್ದಳು. ಮಗ ಶೆಡ್ಡಿನಲ್ಲಿ ಪಾಠ ಮಾಡುತ್ತಿದ್ದ. “ಲೈಬ್ರರಿಯೊಳಗ ಓದಾಕತ್ಯಾನ್ರೀ” ಎಂದು ನಾನು ಕಟ್ಟೆಯ ಮೇಲೆ ಕೂಡಿಸಿದೆ. ಆಕೆ ಗಂಟು ಬಿಚ್ಚಿ, ಖಡಕ್ ರೊಟ್ಟಿಯ ಅಟ್ಟೆಯಲ್ಲಿ ಮುರಿಯದ ನಾಲ್ಕನ್ನು ಆರಿಸಿ, ಶೇಂಗಾ ಚಟ್ನಿ ಸುರಿದು ನನ್ನ ಮುಂದಿಟ್ಟಳು.

“ನೀವು ಸರಕಾರಿ ನೌಕರಿ ಮಾಡಿದವರು. ಖರೇ ಹೇಳ್ರಿ, ಆಗತೈತೇನ್ರೀ ಅಂವಂದು?”

“ನೋಟಿಫಿಕೇಷನ್ ಬರಬೇಕಲ್ರೀ ಅವ್ವಾರ.”

“ಹೌದ್ರಿ, ಅಂವನೂ ಹಂಗ ಅಂತಾನ.” ಸ್ವಲ್ಪ ಹೊತ್ತು ಸುಮ್ಮನೆ ‘545’ರ ಗ್ಯಾಲರಿಯಲ್ಲಿ ಒಣಗುತ್ತಿದ್ದ ಬನಿಯನ್ನುಗಳನ್ನು ನೋಡಿದಳು. “ಸಣ್ಣಾಂವನೂ ಡಿಗ್ರಿ ಮುಗಿಸ್ಯಾನ್ರೀ. ಅಣ್ಣನ ಬಾಜೂಕ ಒಂದು ಕಾಟ್ ಖಾಲಿ ಐತೇನ್ರೀ?”

“ಎಂಟನೇ ನಂಬರ್ ಐತ್ರಿ,” ಅಂದೆ, ರೊಟ್ಟಿ ಮುರಿಯುತ್ತಾ. “ಅಡ್ವಾನ್ಸ್ ಎರಡ ತಿಂಗಳದು.”